ರೋಗಿಯ ಮೇಲೆ ಸಿಟ್ಟಿದ್ದಾಗ ಆರೈಕೆ ಹೇಗೆ ಮಾಡುತ್ತೀರಿ? 35 ನಿಮಿಷ ತಡ ಮಾಡಿದವಳ ಪ್ರಶ್ನೆ

ಬಿಳಿಪರದೆ:
ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್ ಆಗಿ ಎರಡು ವರ್ಷವಾಯಿತು. ಯಾರ ಬಳಿಯೂ ಹೇಳಿಕೊಳ್ಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ತೊಡೆಯ ಮೂಳೆ ಮುರಿದು ಆಪರೇಷನ್ ಆದ ರೋಗಿಯೊಬ್ಬ ಇದ್ದಾನೆ. ನಲವತ್ತರ ಆಸುಪಾಸಿನ ವಯಸ್ಸು. ಭೇಟಿಯ ಹೊತ್ತಿನಲ್ಲಿ ಅವನ ತಾಯಿ ಬಂದಿದ್ದರು, ಬೆನ್ನು ಬಾಗಿದ ಮುದುಕಿ. ದಿಂಬು ಸರಿಪಡಿಸಲು ಹೋದ ಆಕೆಯ ಕೈಯನ್ನು ತಳ್ಳಿ ಬಾಯಿಗೆ ಬಂದಂತೆ ಬೈದ. ಇಡೀ ವಾರ್ಡಿಗೆ ಕೇಳಿಸಿತು. ಆಕೆ ಒಂದು ಮಾತೂ ಆಡದೆ ಎದ್ದು ಹೋದರು. ನನ್ನ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಅಂದು ರಾತ್ರಿ ಅವನು ಬೆಲ್ ಒತ್ತಿದ. ನೋವು ತಡೆಯಲಾಗುತ್ತಿಲ್ಲ ಎಂದ. ಅಗತ್ಯವಿದ್ದರೆ ಕೊಡಿ ಎಂದು ವೈದ್ಯರು ಬರೆದಿಟ್ಟ ಇಂಜೆಕ್ಷನ್ ಇತ್ತು, ಕೊಡುವ ಸಮಯವೂ ಆಗಿತ್ತು. "ಬರುತ್ತೇನೆ" ಎಂದು ಹೇಳಿ ಬಂದವಳು ಟ್ರಾಲಿ ಜೋಡಿಸಿದೆ, ನಾಲ್ಕು ಕೇಸ್ ಶೀಟ್ ಬರೆದೆ, ಇನ್ನೊಬ್ಬರ ಡ್ರಿಪ್ ನೋಡಿದೆ. ಅವನ ಬಳಿಗೆ ಹೋಗುವಾಗ 35 ನಿಮಿಷ ಕಳೆದಿತ್ತು. ಮಾಡಿದ ಕೆಲಸವೆಲ್ಲ ನಿಜವಾದ ಕೆಲಸವೇ. ಆದರೆ ಬೇರೆ ರೋಗಿಯಾಗಿದ್ದರೆ ಮೊದಲು ಅಲ್ಲಿಗೇ ಹೋಗುತ್ತಿದ್ದೆ ಎಂಬುದು ನನಗೆ ಗೊತ್ತು.

ಯಾರೂ ಕೇಳಲಿಲ್ಲ. ದಾಖಲೆಯಲ್ಲಿ ಇಂಜೆಕ್ಷನ್ ಕೊಟ್ಟ ಸಮಯವಿದೆ, ಅವನು ಕೇಳಿದ ಸಮಯವಿಲ್ಲ. "ನಿನ್ನ ಇಷ್ಟಾನಿಷ್ಟ, ನಂಬಿಕೆ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬಾ" ಎಂದು ನಮ್ಮ ಇನ್‌ಚಾರ್ಜ್ ಸಿಸ್ಟರ್ ಯಾವಾಗಲೂ ಹೇಳುತ್ತಾರೆ. ನನ್ನಿಂದ ಆಗುತ್ತಿಲ್ಲ. ನಿಮ್ಮಿಂದ ಆಗುತ್ತದೆಯೇ?

ಸರಳರೇಖೆ:
35 ನಿಮಿಷ ತಡ ಮಾಡಿದ್ದು ತಪ್ಪು. ವರದಿ ಮಾಡಿ. ಮನಸ್ಸಿನಲ್ಲಿ ಏನಿತ್ತು ಎಂಬುದು ರೋಗಿಗೆ ಬೇಕಾಗಿಲ್ಲ. ಇಂಜೆಕ್ಷನ್ ಸಮಯಕ್ಕೆ ಬೇಕು, ಅಷ್ಟೇ.

ಹಳೇಟೋಪಿ:
ತಂಗಿ, ಮೊದಲು ಒಂದು ಮಾತು. ನೀನು ಇದನ್ನು ಗಮನಿಸಿದೆಯಲ್ಲ, ಅರ್ಧದಷ್ಟು ನರ್ಸ್‌ಗಳು ಗಮನಿಸುವುದೇ ಇಲ್ಲ. 28 ವರ್ಷ ಈ ಕೆಲಸ ಮಾಡಿ ನಿವೃತ್ತಳಾದವಳು ನಾನು. "ಮನೆಯಲ್ಲಿ ಬಿಟ್ಟು ಬಾ" ಎನ್ನುವುದು ಕೇಳಲು ಚೆನ್ನಾಗಿದೆ, ಮಾಡಲು ಬರುವುದಿಲ್ಲ. ಮೌಲ್ಯವೆಂದರೆ ಕಳಚಿಡುವ ಚಪ್ಪಲಿಯಲ್ಲ. ತಾಯಿಯನ್ನು ಗೌರವಿಸಬೇಕು ಎಂಬ ನಿನ್ನ ನಂಬಿಕೆಯೇ ವಾರ್ಡಿನ ವಯಸ್ಸಾದ ಹೆಂಗಸರನ್ನು ನೀನು ಅಷ್ಟು ಚೆನ್ನಾಗಿ ನೋಡಿಕೊಳ್ಳುವಂತೆಯೂ ಮಾಡಿರುತ್ತದೆ. ಅದನ್ನು ಬಿಟ್ಟು ಬಂದರೆ ಆ ಒಳ್ಳೆಯದೂ ಮನೆಯಲ್ಲೇ ಉಳಿಯುತ್ತದೆ.

ನಾನು ಮಾಡುತ್ತಿದ್ದದ್ದು ಇಷ್ಟು. ಯಾವ ರೋಗಿಯ ಬಳಿ ನನ್ನ ಕಾಲು ನಿಧಾನವಾಗುತ್ತದೆ ಎಂದು ನೋಡಿಕೊಳ್ಳುತ್ತಿದ್ದೆ. ಕುಡಿದು ಗಾಡಿ ಓಡಿಸಿ ಮಗುವಿಗೆ ಗುದ್ದಿದವರ ಬಳಿ ನಿಧಾನವಾಗುತ್ತಿತ್ತು. ಅಂಥವರು ವಾರ್ಡಿನಲ್ಲಿದ್ದರೆ ಪಾಳಿ ಶುರುವಾದ ಕೂಡಲೇ ಮೊದಲು ಅವರ ಮಂಚಕ್ಕೇ ಹೋಗುತ್ತಿದ್ದೆ. ಪ್ರೀತಿ ಉಕ್ಕಿ ಹೋದದ್ದಲ್ಲ. ನನ್ನ ಕಾಲನ್ನು ನಾನು ನಂಬುತ್ತಿರಲಿಲ್ಲ, ಅದಕ್ಕೆ.

ಮೂರನೇ_ವರ್ಷ:
ನಾನಿನ್ನೂ ವಿದ್ಯಾರ್ಥಿನಿ. ಈ ಸೆಮಿಸ್ಟರಿನಲ್ಲಿ ನಮಗೆ ನರ್ಸಿಂಗ್ ಚಿಂತಕಿ ಜೀನ್ ವಾಟ್ಸನ್ ಅವರ ಆರೈಕೆಯ ಸಿದ್ಧಾಂತವಿದೆ, 1979ರದ್ದು, ಹತ್ತು ಅಂಶಗಳು. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದೆ, ಅಂಕವೂ ಬಂತು. ಆದರೆ ವಾರ್ಡಿಗೆ ಹೋದರೆ ಒಬ್ಬ ಸಿಸ್ಟರಿಗೆ ಇಪ್ಪತ್ತು ರೋಗಿಗಳು. ಎಲ್ಲರನ್ನೂ ಪ್ರೀತಿಸಬೇಕು ಎನ್ನುವ ಸಿದ್ಧಾಂತ ಓದಿ ಏನು ಪ್ರಯೋಜನ?

ಪಾಠದಕೋಣೆ:
ಮೂರನೇ_ವರ್ಷ ಅವರೇ, ನಾನು ನರ್ಸಿಂಗ್ ಬೋಧಕ. ನಿಮ್ಮನ್ನು ತಿದ್ದಲೇಬೇಕು. ಎಲ್ಲರನ್ನೂ ಪ್ರೀತಿಸಿ ಎಂದಷ್ಟೇ ವಾಟ್ಸನ್ ಹೇಳಿ ಕೈತೊಳೆದುಕೊಂಡಿಲ್ಲ. ಆ ಹತ್ತರಲ್ಲಿ ಮೊದಲನೆಯದು ಯಾವುದು ನೋಡಿ: ಮಾನವೀಯವಾದ, ಪರಹಿತದ ಮೌಲ್ಯಗಳನ್ನು ರೂಪಿಸಿಕೊಳ್ಳುವುದು. ಮೂರನೆಯದು ತನ್ನ ಬಗ್ಗೆಯೂ ಇತರರ ಬಗ್ಗೆಯೂ ಸೂಕ್ಷ್ಮತೆ ಬೆಳೆಸಿಕೊಳ್ಳುವುದು. 'ತನ್ನ ಬಗ್ಗೆ' ಎಂಬುದೂ ಅದರಲ್ಲಿ ಸೇರಿದೆ. ಬಿಳಿಪರದೆಯವರು ಈಗ ಮಾಡುತ್ತಿರುವುದು ಆ ಮೂರನೆಯದನ್ನೇ.

ಇನ್ನೊಬ್ಬ ನರ್ಸಿಂಗ್ ಚಿಂತಕಿ ಬಾರ್ಬರಾ ಕಾರ್ಪರ್ 1978ರಲ್ಲಿ ನರ್ಸ್‌ನ ಅರಿವು ನಾಲ್ಕು ಬಗೆಯದು ಎಂದರು: ವಿಜ್ಞಾನದ ಅರಿವು, ಕಲೆಯ ಅರಿವು, ನೀತಿಯ ಅರಿವು, ತನ್ನನ್ನು ತಾನು ಅರಿಯುವ ಅರಿವು. ಮೊದಲನೆಯದಕ್ಕೆ ನಾವು ನೂರು ಗಂಟೆ ಕೊಡುತ್ತೇವೆ, ಕೊನೆಯದಕ್ಕೆ ಒಂದು ಗಂಟೆಯನ್ನೂ ಸರಿಯಾಗಿ ಕೊಡುವುದಿಲ್ಲ. ಬೋಧಕನಾಗಿ ಇದು ನಮ್ಮದೇ ಕೊರತೆ ಎಂದು ಒಪ್ಪಿಕೊಳ್ಳುತ್ತೇನೆ.

ಸರಳರೇಖೆ:
ಸರ್, ತನ್ನನ್ನು ಅರಿತುಕೊಳ್ಳುವವರೆಗೆ ರೋಗಿ ನರಳುತ್ತಾ ಮಲಗಿರಬೇಕೇ? ನನಗೆ ನಿಯಮ ಸಾಕು. ಬೆಲ್ ಒತ್ತಿದರೆ ಇಷ್ಟು ನಿಮಿಷದಲ್ಲಿ ಹೋಗಬೇಕು, ನೋವನ್ನು ಅಳೆಯಬೇಕು, ಔಷಧಿ ಕೊಡಬೇಕು, ಮತ್ತೆ ಬಂದು ಅಳೆಯಬೇಕು. ಅವನು ಸಂತನೋ ಕಳ್ಳನೋ ಎಂದು ನಿಯಮ ಕೇಳುವುದಿಲ್ಲ. ನಿಯಮಕ್ಕಿಂತ ದೊಡ್ಡ ಕರುಣೆ ಇಲ್ಲ.

ಮಂಚಸಂಖ್ಯೆ9:
ನಾನು ನರ್ಸ್ ಅಲ್ಲ. ಮಂಚದ ಮೇಲಿದ್ದವಳು. ಬೆನ್ನುಹುರಿಯ ಗಡ್ಡೆಗೆ ಆಪರೇಷನ್ ಆಗಿ ಏಳು ವಾರ ಮಲಗಿದ್ದೆ. ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಿತ್ತು. ಆದ್ದರಿಂದ ಈ ವಿಷಯದಲ್ಲಿ ನನಗೂ ಮಾತನಾಡುವ ಹಕ್ಕಿದೆ ಎಂದುಕೊಳ್ಳುತ್ತೇನೆ.

ಕೈ ಎಲ್ಲವನ್ನೂ ಹೇಳುತ್ತದೆ. ಬಾಯಿ ಏನು ಬೇಕಾದರೂ ಹೇಳಲಿ. ಒಬ್ಬ ಸಿಸ್ಟರ್ ಮಾತುಮಾತಿಗೂ "ಚಿನ್ನ, ಬಂಗಾರ" ಎನ್ನುತ್ತಿದ್ದರು, ಆದರೆ ಮೈ ಒರೆಸುವಾಗ ಪರದೆ ಎಳೆಯಲು ಮರೆಯುತ್ತಿದ್ದರು. ಎದುರಿನ ಮಂಚದವರ ನೆಂಟರ ಮುಂದೆ ನಾನು ಬೆತ್ತಲೆ. ಇನ್ನೊಬ್ಬರಿದ್ದರು, ನಕ್ಕಿದ್ದನ್ನೇ ನೋಡಿಲ್ಲ, ಮಾತೂ ಎರಡೇ. ಆದರೆ ನನ್ನನ್ನು ಮುಟ್ಟುವ ಮೊದಲು ಎರಡೂ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ಈಗ ಎಡಕ್ಕೆ ತಿರುಗಿಸುತ್ತೇನೆ" ಎಂದು ಹೇಳಿಯೇ ತಿರುಗಿಸುತ್ತಿದ್ದರು. ಏಳು ವಾರದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಅವರಿಗೆ ನಾನು ಇಷ್ಟವಿದ್ದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಸರಳರೇಖೆ:
ನೋಡಿದಿರಾ? ನಾನು ಹೇಳಿದ್ದೂ ಇದನ್ನೇ.

ಮಂಚಸಂಖ್ಯೆ9:
ಪೂರ್ತಿ ಅದನ್ನೇ ಅಲ್ಲ. ಅಂಗೈ ಬೆಚ್ಚಗೆ ಮಾಡಿಕೊಳ್ಳಬೇಕು ಎಂದು ಯಾವ ನಿಯಮದಲ್ಲಿ ಬರೆದಿದೆ?

ಎಲುಬುವಾರ್ಡ್:
ನಾನು ಮೂಳೆ ವಿಭಾಗದಲ್ಲಿದ್ದೇನೆ. ಇಲ್ಲಿ ಎಲ್ಲರೂ ನೋವನ್ನು ಬರೀ ಸಂಕಟದಂತೆ ಮಾತನಾಡುತ್ತಿದ್ದೀರಿ. ಮುರಿದ ಕಾಲಿನ ರೋಗಿಯಲ್ಲಿ ನೋವು ಒಂದು ಸೂಚನೆಯೂ ಹೌದು. ಸ್ನಾಯುಗಳನ್ನು ಸುತ್ತಿದ ಪೊರೆಯೊಳಗೆ ಒತ್ತಡ ಏರಿದರೆ ರಕ್ತ ಸಂಚಾರ ಕುಗ್ಗಿ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಇದು ಮೊಣಕಾಲಿನ ಕೆಳಗೆ ಹೆಚ್ಚು, ತೊಡೆಯಲ್ಲಿ ಅಪರೂಪ, ಆದರೆ ಆಗುತ್ತದೆ. ಅದರ ಮೊದಲ ಲಕ್ಷಣವೇ ಗಾಯದ ಅಳತೆಗೆ ಮೀರಿದ ನೋವು, ಬೆರಳನ್ನು ಹಿಗ್ಗಿಸಿದರೆ ಚೀರುವಷ್ಟು. ಜುಮ್ಮೆನ್ನುವುದು, ಮರಗಟ್ಟುವುದು, ನಾಡಿ ಸಿಗದಿರುವುದು ಆಮೇಲೆ. ನಾಡಿ ಹೋಗುವವರೆಗೆ ಕಾದರೆ ಕಾಲು ಹೋದಂತೆಯೇ.

ನಮ್ಮಲ್ಲಿ ಒಬ್ಬ ಹುಡುಗನಿದ್ದ, ಮಾದಕವಸ್ತುವಿನ ಚಟವಿದ್ದವನು. ಪದೇ ಪದೇ ಬೆಲ್ ಒತ್ತಿದ. "ಇವನಿಗೆ ಔಷಧಿಯ ಆಸೆ" ಎಂದು ಒಂದು ಇಡೀ ಪಾಳಿ ತೀರ್ಮಾನಿಸಿಬಿಟ್ಟಿತು. ಪಾಳಿ ಬದಲಾಗುವಾಗ ಬಂದ ಸಿಸ್ಟರ್ ಹೊದಿಕೆ ಸರಿಸಿ ಕಾಲು ಮುಟ್ಟಿ ನೋಡಿದರು, ಮೀನಖಂಡ ಮರದ ಹಲಗೆಯಂತಾಗಿತ್ತು. ಓಡಿಹೋಗಿ ವೈದ್ಯರನ್ನು ಕರೆತಂದರು. ಕಾಲು ಉಳಿಯಿತು, ಪಾದ ಎತ್ತುವ ಶಕ್ತಿ ಉಳಿಯಲಿಲ್ಲ. ಆ ಪಾಳಿಯಲ್ಲಿ ನಾನೂ ಇದ್ದೆ.

ಹಳೇಟೋಪಿ:
ನೋವಿನ ವಿಷಯದಲ್ಲಿ ಅಮೆರಿಕದ ನರ್ಸ್ ಮಾರ್ಗೋ ಮೆಕಾಫ್ರಿ 1968ರಲ್ಲೇ ಹೇಳಿದ್ದು ಇದನ್ನೇ: ಅನುಭವಿಸುವವನು ನೋವು ಎಂದರೆ ಅದು ನೋವು, ಇದೆ ಎಂದಾಗ ಇದೆ. ನಾವು ಕಲಿಯುವಾಗ ಇದನ್ನು ಯಾರೂ ಹೇಳಿಕೊಡಲಿಲ್ಲ. "ಮುಖ ನೋಡಿದರೆ ಗೊತ್ತಾಗುತ್ತದೆ" ಎಂದೇ ಕಲಿಸಿದ್ದರು. ಮುಖ ನೋಡಿ ನಾನು ಎಷ್ಟು ಸಲ ತಪ್ಪಿದ್ದೇನೋ.

ರಾತ್ರಿಪಾಳಿ:
ವಿಷಯ ಸ್ವಲ್ಪ ಬದಲಿಸುತ್ತೇನೆ, ಕ್ಷಮಿಸಿ. ಸಿಟ್ಟು ಸರಿ, ಭಕ್ತಿಯ ಕತೆ ಏನು? ನಾನು ದೇವರನ್ನು ನಂಬುವವಳು. ಪ್ರತಿ ಪಾಳಿಯ ಮೊದಲು ನನ್ನ ರೋಗಿಗಳಿಗಾಗಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತೇನೆ. ಅದರಿಂದಲೇ ನನಗೆ ಈ ಕೆಲಸ ಮಾಡುವ ಶಕ್ತಿ ಬರುತ್ತದೆ. ಇದನ್ನೂ ಮನೆಯಲ್ಲಿ ಬಿಟ್ಟು ಬರಬೇಕೇ?

ಎಲುಬುವಾರ್ಡ್:
ಮನಸ್ಸಿನಲ್ಲಿ ಮಾಡಿದರೆ ಯಾರಿಗೇನು ತೊಂದರೆ? ರೋಗಿಯ ಕಿವಿಗೆ ಬಿದ್ದಾಗ ತೊಂದರೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಗರ್ಭ ನಿಲ್ಲಲಿಲ್ಲವೆಂದು ಅಳುತ್ತಿದ್ದ ಹೆಣ್ಣುಮಗಳಿಗೆ "ಹಿಂದೆ ಮಾಡಿದ್ದನ್ನು ಉಣ್ಣಲೇಬೇಕಲ್ಲ" ಎಂದುಬಿಟ್ಟರು. ಅವರ ಪ್ರಕಾರ ಅದು ಸಮಾಧಾನದ ಮಾತು! ಆಕೆ ಆಮೇಲೆ ಬಿಡುಗಡೆಯಾಗುವವರೆಗೆ ಯಾರೊಂದಿಗೂ ಬಾಯಿ ಬಿಡಲಿಲ್ಲ.

ರಾತ್ರಿಪಾಳಿ:
ಅಯ್ಯೋ. ಅಂಥ ಮಾತು ನಾನು ಆಡುವುದಿಲ್ಲ. ರೋಗಿ ತಾನಾಗಿ ಕೇಳಿದರೆ ಮಾತ್ರ ಪಕ್ಕದಲ್ಲಿ ಕುಳಿತು ಪ್ರಾರ್ಥಿಸುತ್ತೇನೆ, ಅದೂ ಅವರ ನಂಬಿಕೆಯ ಪ್ರಕಾರ. ನನ್ನದಲ್ಲ.

ಪಾಠದಕೋಣೆ:
ಇದಕ್ಕೆ ನೆಲೆಯಿದೆ. ನರ್ಸಿಂಗ್ ಚಿಂತಕಿ ವರ್ಜೀನಿಯಾ ಹೆಂಡರ್ಸನ್ ಪಟ್ಟಿ ಮಾಡಿದ 14 ಮೂಲಭೂತ ಅಗತ್ಯಗಳಲ್ಲಿ ಉಸಿರಾಟ, ನಿದ್ದೆ, ವಿಸರ್ಜನೆಗಳ ಜೊತೆಗೇ ತನ್ನ ನಂಬಿಕೆಯಂತೆ ಪೂಜಿಸುವುದೂ ಒಂದು. ಆದರೆ 'ತನ್ನ' ಎಂದರೆ ರೋಗಿಯ ನಂಬಿಕೆ.

ಕೆಂಪುಹನಿ:
ಹಾಗಾದರೆ ನನ್ನ ಪ್ರಶ್ನೆ. ರೋಗಿಯ ನಂಬಿಕೆ ಅವನನ್ನೇ ಕೊಲ್ಲುವಂತಿದ್ದರೆ?

ಯೆಹೋವನ ಸಾಕ್ಷಿಗಳ ಪಂಥದ ಹಿರಿಯರೊಬ್ಬರು ನಮ್ಮ ವಾರ್ಡಿನಲ್ಲಿದ್ದರು. ಹೊಟ್ಟೆಯೊಳಗೆ ರಕ್ತಸ್ರಾವ, ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು. ಇನ್ನೊಬ್ಬರ ರಕ್ತ ಪಡೆಯುವುದು ಅವರ ಪಂಥದಲ್ಲಿ ನಿಷಿದ್ಧ. ರಕ್ತ ಬೇಡ ಎಂದು ಮೊದಲೇ ಬರೆದುಕೊಟ್ಟಿದ್ದರು. ಪೂರ್ತಿ ಎಚ್ಚರವಿತ್ತು, ತಿಳಿದೇ ಹೇಳುತ್ತಿದ್ದರು. ನನಗೆ ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ. ಸಹೋದ್ಯೋಗಿಯೊಬ್ಬಳು ಅವರನ್ನು ಗದರಿಸಿದಳು, "ಮೊಮ್ಮಕ್ಕಳ ಮುಖ ನೋಡಿ" ಎಂದಳು. ನಾನು ಗದರಿಸಲಿಲ್ಲ, ಆದರೆ ಅವರ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ನನ್ನ ಸಂಕಟ ನನಗೆ ನೋಡಲಾಗುತ್ತಿರಲಿಲ್ಲ. ಒಂದು ಸಂಜೆ ಅವರೇ ಕರೆದು "ನೀವು ಸೋತಿಲ್ಲ ತಾಯಿ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ" ಎಂದರು. ಕುಳಿತೆ. ರಕ್ತವಿಲ್ಲದೆಯೂ ಮಾಡಬಹುದಾದದ್ದೆಲ್ಲ ನಡೆದಿತ್ತು: ಕಬ್ಬಿಣಾಂಶದ ಡ್ರಿಪ್, ಆಮ್ಲಜನಕ, ಪರೀಕ್ಷೆಗೆ ತೆಗೆಯುವ ರಕ್ತವನ್ನೂ ಮಕ್ಕಳಿಗೆ ತೆಗೆದಂತೆ ಪುಟ್ಟ ಕೊಳವೆಯಲ್ಲಿ ಅಳೆದು ತೆಗೆಯುವುದು. ಮೂರನೇ ದಿನ ತೀರಿಕೊಂಡರು. ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅವರು ಒಬ್ಬರೇ ಸಾಯಲಿಲ್ಲ.

ಮೂರನೇ_ವರ್ಷ:
ಇದನ್ನು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ.

ಹೆರಿಗೆಕೋಣೆ:
ನನ್ನದು ಇದರ ಇನ್ನೊಂದು ಮಗ್ಗುಲು. ಗರ್ಭಪಾತದ ಪ್ರಕ್ರಿಯೆಯಲ್ಲಿ ಸಹಾಯ ಮಾಡಲು ನನ್ನ ಅಂತಃಸಾಕ್ಷಿ ಒಪ್ಪುವುದಿಲ್ಲ. ಈ ವಿಭಾಗಕ್ಕೆ ಹಾಕಿದ ದಿನವೇ ಮೇಲ್ವಿಚಾರಕರಿಗೆ ಬರೆದುಕೊಟ್ಟಿದ್ದೇನೆ. ರಕ್ತಸ್ರಾವವಾಗಿ ತುರ್ತು ಸ್ಥಿತಿಯಲ್ಲಿ ಬಂದರೆ ಒಂದು ಕ್ಷಣವೂ ಯೋಚಿಸದೆ ಓಡುತ್ತೇನೆ. ಪ್ರಕ್ರಿಯೆಯ ನಂತರದ ಆರೈಕೆಯನ್ನೂ ಮಾಡುತ್ತೇನೆ. ಇಷ್ಟು ಹಕ್ಕು ನನಗಿಲ್ಲವೇ?

ಸರಳರೇಖೆ:
ಇಲ್ಲ ಎನ್ನುತ್ತೇನೆ. ಕೆಲಸವನ್ನು ನೀವು ಆರಿಸಿಕೊಂಡಿರಿ, ರೋಗಿ ನಿಮ್ಮನ್ನು ಆರಿಸಿಕೊಳ್ಳಲಿಲ್ಲ. ನೀವು ಬಿಟ್ಟ ಕೆಲಸ ಪಕ್ಕದವರ ಹೆಗಲಿಗೆ ಬೀಳುತ್ತದೆ.

ಹಳೇಟೋಪಿ:
ನಾನು ಒಪ್ಪುವುದಿಲ್ಲ. ಮೊದಲೇ ಹೇಳಿ, ಬದಲಿ ವ್ಯವಸ್ಥೆ ಮಾಡಿಸಿ, ತುರ್ತಿನಲ್ಲಿ ಹಿಂಜರಿಯದೆ ಇರುವವರ ಅಂತಃಸಾಕ್ಷಿಗೆ ಜಾಗವಿರಬೇಕು. ಅದನ್ನೂ ಕಿತ್ತುಕೊಂಡರೆ ನಾಳೆ ವೈದ್ಯರು ತಪ್ಪು ಮಾಡುವಾಗ "ಬೇಡ ಸರ್" ಎನ್ನುವ ನರ್ಸ್ ಎಲ್ಲಿಂದ ಬರುತ್ತಾಳೆ? ಆದರೆ ಹೆರಿಗೆಕೋಣೆಯವರೇ, ಒಂದು ಕೇಳುತ್ತೇನೆ. ನಂತರದ ಆರೈಕೆ ಮಾಡುವಾಗ ನಿಮ್ಮ ಮುಖ ಆ ಹೆಣ್ಣಿಗೆ ಏನು ಹೇಳುತ್ತದೆ?

ಹೆರಿಗೆಕೋಣೆ:
ಅಕ್ಕಾ, ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಸಹೋದ್ಯೋಗಿಯನ್ನು ಕೇಳಿ ನೋಡುತ್ತೇನೆ.

ದೀಪಧಾರಿ:
ನೈಟಿಂಗೇಲ್ ಬರೆದ ಪ್ರತಿಜ್ಞೆಯನ್ನು ದೀಪ ಹಿಡಿದು ಎಲ್ಲರೂ ಓದಿದ್ದೇವೆ. ಅದರಂತೆ ನಡೆದರೆ ಈ ಚರ್ಚೆಯೇ ಬೇಕಾಗಿಲ್ಲ.

ಪಾಠದಕೋಣೆ:
ಆ ಪ್ರತಿಜ್ಞೆಯನ್ನು ಫ್ಲಾರೆನ್ಸ್ ನೈಟಿಂಗೇಲ್ ಬರೆದಿಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದ ಸಮಿತಿ ರಚಿಸಿದ್ದು, ನೈಟಿಂಗೇಲ್ ಗೌರವಾರ್ಥ ಆ ಹೆಸರು. ಇನ್ನೊಂದು ವಿಷಯ: ಅದರ ಮೂಲ ರೂಪದಲ್ಲಿ ವೈದ್ಯರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಮಾತಿದೆ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ತಂದ ಮೊದಲ ನೀತಿಸಂಹಿತೆಯಲ್ಲೂ ವೈದ್ಯರ ಆದೇಶಕ್ಕೆ ನಿಷ್ಠೆಯ ಮಾತು ಇತ್ತು. 1973ರ ಪರಿಷ್ಕರಣೆಯಲ್ಲಿ ಅದು ಹೋಗಿ, ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದ ಜನರಿಗೆ ಎಂದಾಯಿತು. ನಾವು ಯಾರಿಗೆ ನಿಷ್ಠರು ಎಂಬುದು ಹೀಗೆ ಬದಲಾಗುತ್ತಾ ಬಂದಿದೆ. ಹಳೆಯ ಪ್ರತಿಜ್ಞೆಯನ್ನು ಓದಿದ ಮಾತ್ರಕ್ಕೆ ಚರ್ಚೆ ಮುಗಿಯುವುದಿಲ್ಲ.

ದೀಪಧಾರಿ:
ತಿಳಿಸಿದ್ದಕ್ಕೆ ಧನ್ಯವಾದ ಸರ್. ಇಷ್ಟು ವರ್ಷ ಅವರೇ ಬರೆದದ್ದು ಎಂದುಕೊಂಡಿದ್ದೆ.

ಎರಡುಕೈ:
ಇಪ್ಪತ್ತು ರೋಗಿಗೆ ಒಬ್ಬರು ಎಂದು ಆ ಹುಡುಗಿ ಬರೆದದ್ದನ್ನು ಎಲ್ಲರೂ ದಾಟಿ ಹೋದಿರಿ. ಮೌಲ್ಯ, ಅಂತಃಸಾಕ್ಷಿ ಎಲ್ಲ ಸರಿ. ಮೂರು ಬೆಲ್ ಒಟ್ಟಿಗೆ ಬಾರಿಸಿದಾಗ ಯಾರನ್ನಾದರೂ ಕಾಯಿಸಲೇಬೇಕು. ಸರಿ ಯಾವುದು ಎಂದು ಗೊತ್ತಿದ್ದೂ ಮಾಡಲಾಗದ ಸಂಕಟಕ್ಕೆ ತತ್ವಜ್ಞಾನಿ ಆಂಡ್ರ್ಯೂ ಜೇಮ್‌ಟನ್ 1984ರಲ್ಲೇ 'ನೈತಿಕ ಯಾತನೆ' ಎಂದು ಹೆಸರಿಟ್ಟರು. ಕೆಲಸ ಬಿಟ್ಟು ಹೋದ ನನ್ನ ಗೆಳತಿಯರಲ್ಲಿ ಯಾರೂ ಕರುಣೆ ಇಲ್ಲದವರಲ್ಲ. ಕರುಣೆ ಇದ್ದವರೇ ಮೊದಲು ಹೋದರು.

ಎಲುಬುವಾರ್ಡ್:
ನಿಜ. ಆದರೆ ಬಿಳಿಪರದೆಯವರ ವಿಷಯ ಅದಲ್ಲವಲ್ಲ. ಅವರಿಗೆ ಹೋಗಲು ಆಗುತ್ತಿತ್ತು.

ಎರಡುಕೈ:
ಒಪ್ಪಿದೆ. ಆದರೆ ಬೇರೆ ಬೇರೆಯಾಗಿ ನೋಡಬೇಡಿ. ಕೈತುಂಬ ಕೆಲಸವಿದ್ದಾಗ ಯಾರನ್ನು ಕಾಯಿಸಬೇಕು ಎಂದು ಮನಸ್ಸು ತಾನೇ ಆರಿಸುತ್ತದೆ, ನಮಗೆ ಗೊತ್ತಿಲ್ಲದೆ. ಇಷ್ಟವಿಲ್ಲದವರೇ ಯಾವಾಗಲೂ ಸಾಲಿನ ಕೊನೆಗೆ ಹೋಗುತ್ತಾರೆ. ಒತ್ತಡ ಅದನ್ನು ಮುಚ್ಚಿಡುತ್ತದೆ.

ಬ್ರದರ್:
ಗಂಡಸು ನರ್ಸ್ ಆಗಿ ಒಂದು ಮಾತು. ಮೂತ್ರದ ಕೊಳವೆ (ಕ್ಯಾತಿಟರ್) ಹಾಕಲು ಹೋದಾಗ ಹಿರಿಯ ಮಹಿಳೆಯೊಬ್ಬರು "ನೀವು ಬೇಡ" ಎಂದರು. ನನಗೆ ಅವಮಾನವಾಯಿತು, ನನ್ನ ಕಲಿಕೆಗೆ ಬೆಲೆಯೇ ಇಲ್ಲವೇ ಎನಿಸಿತು. ಸಹೋದ್ಯೋಗಿಯನ್ನು ಕಳಿಸಿದೆ, ಆದರೆ ಅವತ್ತೆಲ್ಲ ಮುಖ ಬಿಗಿದುಕೊಂಡೇ ಇದ್ದೆ. ಮರುದಿನ ಅವರು ನನ್ನನ್ನು ಕರೆಯಲೂ ಹೆದರಿ, ಬಾಯಾರಿದರೂ ನೀರು ಕೇಳದೆ ಮಲಗಿದ್ದರು. ಅವರು ಬೇಡ ಎಂದದ್ದು ನನ್ನ ಕೈಯನ್ನಲ್ಲ, ತಮ್ಮ ಮಾನವನ್ನು ಕಾಪಾಡಿಕೊಂಡದ್ದು ಎಂದು ಆಗ ಹೊಳೆಯಿತು.

ಬಿಳಿಪರದೆ:
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಎಲುಬುವಾರ್ಡ್ ಅವರು ಬರೆದದ್ದನ್ನು ಓದಿ ಕೈಕಾಲು ತಣ್ಣಗಾಯಿತು. ಆ ರಾತ್ರಿ ನಾನು ಅವನ ಕಾಲನ್ನು ಮುಟ್ಟಿಯೂ ನೋಡಿರಲಿಲ್ಲ. ಇಂಜೆಕ್ಷನ್ ಕೊಟ್ಟು ತಿರುಗಿ ಬಂದಿದ್ದೆ.

ನಿನ್ನೆ ಪಾಳಿಗೆ ಹೋದ ಕೂಡಲೇ ಮೊದಲು ಅವನ ಮಂಚಕ್ಕೆ ಹೋದೆ, ಹಳೇಟೋಪಿ ಅಕ್ಕ ಹೇಳಿದಂತೆ. ಕಾಲು ನೋಡಿದೆ, ಬೆರಳು ಆಡಿಸಲು ಹೇಳಿದೆ, ನಾಡಿ ನೋಡಿದೆ. ಎಲ್ಲ ಸರಿಯಿದೆ. "ಮೊನ್ನೆ ರಾತ್ರಿ ನೀವು ಕರೆದಾಗ ತಡವಾಗಿ ಬಂದೆ. ತಪ್ಪು ನನ್ನದು" ಎಂದೆ. ಅವನು ನನ್ನ ಮುಖವನ್ನೇ ನೋಡಿ, "ಬೆಲ್ ಕೆಟ್ಟಿದೆ ಎಂದುಕೊಂಡೆ. ಅದಕ್ಕೇ ಮತ್ತೆ ಒತ್ತಲಿಲ್ಲ" ಎಂದ.

ಸಂಜೆ ಅವನ ತಾಯಿ ಬಂದರು. ಮತ್ತೆ ಬೈದ. ನನಗೆ ಮತ್ತೆ ಸಿಟ್ಟು ಬಂತು. ಆಕೆಗೆ ಕುರ್ಚಿ ಹಾಕಿಕೊಟ್ಟೆ. ಅವನಿಗೆ "ಇಲ್ಲಿ ಬೇರೆ ರೋಗಿಗಳಿದ್ದಾರೆ, ದನಿ ತಗ್ಗಿಸಿ" ಎಂದೆ. ರಾತ್ರಿ ಹತ್ತಕ್ಕೆ ಬೆಲ್ ಬಾರಿಸಿತು, ಮೂರು ನಿಮಿಷದಲ್ಲಿ ಹೋದೆ. ಅವನು ಇಷ್ಟವಾಗಲಿಲ್ಲ. ಆಗುವುದೂ ಇಲ್ಲವೇನೋ.

ಸರಳರೇಖೆ:
ಕ್ಷಮೆ ಕೇಳಬೇಕಿರಲಿಲ್ಲ ಎನ್ನುವವರು ಇರಬಹುದು. ಕೇಳಿದ್ದು ಸರಿ ಎನ್ನುತ್ತೇನೆ. ವರದಿ?

ಬಿಳಿಪರದೆ:
ಕೊಟ್ಟಿದ್ದೇನೆ. ಇನ್‌ಚಾರ್ಜ್ ಸಿಸ್ಟರ್ ಬೈಯಲಿಲ್ಲ, ಆದರೆ ಬಹಳ ಹೊತ್ತು ಕಾಗದವನ್ನು ಕೈಯಲ್ಲೇ ಹಿಡಿದು ಕುಳಿತಿದ್ದರು. ರೋಗಿ ನೋವು ಎಂದು ಹೇಳಿದ ಸಮಯವನ್ನೂ ಬರೆಯುವಂತೆ ನೋವಿನ ದಾಖಲೆಯಲ್ಲಿ ಒಂದು ಅಂಕಣ ಸೇರಿಸೋಣ ಎಂದರು.

ಮೂರನೇ_ವರ್ಷ:
ಅಕ್ಕಾ, ಒಂದು ಕೇಳಲೇ? ವರದಿಯಲ್ಲಿ 'ಕಾರಣ' ಎಂಬ ಜಾಗವಿರುತ್ತದಲ್ಲ, ಅಲ್ಲಿ ಏನು ಬರೆದಿರಿ?

ಬಿಳಿಪರದೆ:
ಮೊದಲು 'ಕೆಲಸದ ಒತ್ತಡ' ಎಂದು ಬರೆದೆ. ಒಂದು ಗೆರೆ ಎಳೆದು ಅದನ್ನು ಹೊಡೆದುಹಾಕಿ, ಸಹಿ ಮಾಡಿ, ಕೆಳಗೆ ಬರೆದೆ: 'ರೋಗಿಯ ನಡತೆಯ ಬಗ್ಗೆ ನನಗಿದ್ದ ಅಸಮಾಧಾನದಿಂದ ತಡ ಮಾಡಿದೆ.'